ಇದು ಯಾವ ದಿನದ ಟ್ಯಾಂಕು?

ಆರು ತಿಂಗಳು ಕೂತು ಮಾಡಿದ ಸೆಂಚುರಿಯನ್ ಟ್ಯಾಂಕಿನ ಮಾಡೆಲನ್ನು ನಾನು ಮೊದಲು ತೋರಿಸಿದ್ದು ನಮ್ಮ ಬೀದಿಯ ಅಂಕಲ್ ಒಬ್ಬರಿಗೆ. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ ಅವರ ಮನೆ. ಸೇನೆಯ ಇಎಂಇಯಲ್ಲಿ, ಅಂದರೆ ಟ್ಯಾಂಕು, ಲಾರಿ, ತೋಪು ಎಲ್ಲವನ್ನೂ ರಿಪೇರಿ ಮಾಡುವ ವಿಭಾಗದಲ್ಲಿ, ಮೆಕ್ಯಾನಿಕ್ ಆಗಿದ್ದವರು. ಕನ್ನಡಕವನ್ನು ಹಣೆಗೇರಿಸಿ, ಮಾಡೆಲನ್ನು ಕಣ್ಣಿನ ಹತ್ತಿರ ಹಿಡಿದು, ಸುತ್ತಲೂ ತಿರುಗಿಸಿ ನೋಡಿದರು.

"ಕೆಲಸ ಚೆನ್ನಾಗಿದೆ ಕಣಪ್ಪಾ" ಅಂದರು. ಆಮೇಲೆ ಕೇಳಿದರು: "ಇದು ಯಾವ ದಿನದ ಟ್ಯಾಂಕು?"

"1971ರದ್ದು ಅಂಕಲ್. ಪೂನಾ ಹಾರ್ಸ್ ರೆಜಿಮೆಂಟಿಂದು."

"ವರ್ಷ ಕೇಳಲಿಲ್ಲ, ದಿನ ಕೇಳಿದೆ. ಈ ಬ್ಯಾರೆಲ್ ಯಾಕೆ ಹಾಕಿದೆ? ಈ ಮಣ್ಣು ಎಲ್ಲಿಂದು?"

ಬ್ಯಾರೆಲ್ ಹಾಕಿದ್ದು ಕಿಟ್‌ನಲ್ಲಿ, ಅಂದರೆ ಮಾಡೆಲಿನ ಬಿಡಿಭಾಗಗಳು ಬರುವ ಪೆಟ್ಟಿಗೆಯಲ್ಲಿ, ಅದೇ ಇತ್ತು ಅಂತ. ಚಕ್ರಗಳಿಗೆ ಮೆತ್ತಿದ ಮಣ್ಣು ನಮ್ಮ ಮನೆ ಹಿಂದಿನ ಕೆಮ್ಮಣ್ಣು. ಪಂಜಾಬಿನ ಬಯಲಲ್ಲಿ ಓಡಿದ ಟ್ಯಾಂಕಿಗೆ ಬೆಂಗಳೂರಿನ ಮಣ್ಣು ಹಚ್ಚಿದ್ದೆ. ಬಣ್ಣ ಹೊಡೆದದ್ದು ಇತ್ತೀಚೆಗೆ ತೆಗೆದ ಮ್ಯೂಸಿಯಂ ಫೋಟೊ ನೋಡಿಕೊಂಡು. ಮೂರಕ್ಕೂ ನನ್ನ ಹತ್ತಿರ ಆಧಾರ ಇರಲಿಲ್ಲ.

ಸ್ಕೇಲ್ ಮಾಡೆಲ್ ಮಾಡುವಾಗ ಇತಿಹಾಸ ಹುಡುಕುವುದು ಹೇಗೆ ಅಂತ ಕೇಳುವವರಿಗೆ ನಾನು ಈಗ ಮೊದಲು ಹೇಳುವುದು ಅಂಕಲ್ ಕೇಳಿದ ಪ್ರಶ್ನೆಯನ್ನೇ. 'ಒಂದು ಸೆಂಚುರಿಯನ್' ಅಂತ ಯಾವ ಟ್ಯಾಂಕೂ ಇರಲಿಲ್ಲ. ಒಂದು ದಿನ, ಒಂದು ಜಾಗದಲ್ಲಿ, ನಾಲ್ಕು ಜನ ಒಳಗೆ ಕೂತಿದ್ದ ಒಂದು ಟ್ಯಾಂಕ್ ಇತ್ತು. ಆ ದಿನವನ್ನು ಮೊದಲೇ ಗೊತ್ತು ಮಾಡಿಕೊಂಡರೆ ಹುಡುಕಾಟಕ್ಕೆ ಒಂದು ದಾರಿ ಸಿಗುತ್ತದೆ. ಇಲ್ಲದಿದ್ದರೆ ಸಾವಿರ ಫೋಟೊ ಸೇರಿಸಿಟ್ಟರೂ ಯಾವುದನ್ನು ನಂಬಬೇಕು ಅಂತ ತಿಳಿಯುವುದಿಲ್ಲ.

ಹೆಸರು ಒಂದೇ, ಟ್ಯಾಂಕು ಬೇರೆ

ಸೆಂಚುರಿಯನ್ ಬ್ರಿಟಿಷರ ಟ್ಯಾಂಕು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಹುಟ್ಟಿದ್ದು. 1945ರ ಮೇ ತಿಂಗಳಲ್ಲಿ ಮೊದಲ ಕೆಲವು ಟ್ಯಾಂಕುಗಳು ಜರ್ಮನಿ ತಲುಪುವ ಹೊತ್ತಿಗೆ ಅಲ್ಲಿ ಯುದ್ಧವೇ ಮುಗಿದಿತ್ತು. ಮುಂದೆ ಮಾರ್ಕ್ 1ರಿಂದ ಮಾರ್ಕ್ 13ರವರೆಗೆ ಬದಲಾಗುತ್ತಾ ಹೋಯಿತು. ಮಾರ್ಕ್ ಅಂದರೆ ಆವೃತ್ತಿ. ಒಟ್ಟು 4,400ಕ್ಕೂ ಹೆಚ್ಚು ತಯಾರಾದವು. ಹಳೆಯ ಮಾರ್ಕನ್ನು ವರ್ಕ್‌ಶಾಪಿಗೆ ತಂದು, ಹೊಸ ಭಾಗ ಹಾಕಿ, ಹೊಸ ಮಾರ್ಕ್ ನಂಬರ್ ಕೊಟ್ಟದ್ದೂ ಇದೆ. ಹಾಗಾಗಿ ಒಂದೇ ಟ್ಯಾಂಕಿನ ಮೈಮೇಲೆ ಎರಡು ಕಾಲದ ಗುರುತು ಇರಬಹುದು.

ಈ ಬದಲಾವಣೆಗಳು ಸುಮ್ನೆ ಆದವಲ್ಲ, ಒಂದೊಂದಕ್ಕೂ ಕಾರಣ ಇದೆ. ಕಾರಣ ಗೊತ್ತಾದರೆ ಫೋಟೊದಲ್ಲಿ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಸೆಂಚುರಿಯನ್‌ಗೆ ಇದ್ದದ್ದು ರೋಲ್ಸ್-ರಾಯ್ಸ್ ಮೀಟಿಯರ್ ಎಂಬ 650 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಐವತ್ತು ಟನ್ನಿನ ಗಾಡಿ, ಪೆಟ್ರೋಲ್ ಎಂಜಿನ್: ಎಷ್ಟು ಕುಡಿಯುತ್ತದೆ ಅಂತ ಯೋಚಿಸಿ. ಶುರುವಿನ ಮಾರ್ಕ್‌ಗಳು ಒಂದು ಸಲ ಟ್ಯಾಂಕ್ ತುಂಬಿಸಿದರೆ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋಗುತ್ತಿದ್ದವು, ಅಷ್ಟೇ. ಅದಕ್ಕೇ ಮಾರ್ಕ್ 7ರಲ್ಲಿ ಇಂಧನ ಜಾಸ್ತಿ ಹಿಡಿಸುವಂತೆ ಮಾಡಿದರು. ಅದರಿಂದ ಎಂಜಿನ್ ಮೇಲಿನ ಮುಚ್ಚಳಗಳ ಜೋಡಣೆ ಬದಲಾಯಿತು. ಮಾಡೆಲ್ ಮಾಡುವವನಿಗೆ ಇದು ಎದ್ದು ಕಾಣುವ ವ್ಯತ್ಯಾಸ. ಎದುರಿನಿಂದ ತೆಗೆದ ಫೋಟೊದಲ್ಲಿ ಮಾತ್ರ ಕಾಣಿಸುವುದಿಲ್ಲ.

ಇನ್ನು ತೋಪು. ಸೆಂಚುರಿಯನ್‌ಗೆ ಬಹುಕಾಲ ಇದ್ದದ್ದು 20 ಪೌಂಡರ್ ತೋಪು. ಬಾಯಿಯ ಅಗಲ ಸುಮಾರು 84 ಮಿ.ಮೀ. ಅದರಲ್ಲೇ ಎರಡು ಬಗೆ. ಮೊದಲಿನದು ನೆಟ್ಟಗಿನ ಕೊಳವೆ. ಆಮೇಲಿನದಕ್ಕೆ ನಡುವೆ ಒಂದು ಉಬ್ಬು ಇರುತ್ತದೆ. ಆ ಉಬ್ಬಿನ ಕೆಲಸ ಹೊಗೆ ಎಳೆಯುವುದು. ಗುಂಡು ಹಾರುವಾಗ ಒತ್ತಡದ ಗಾಳಿ ಸ್ವಲ್ಪ ಅದರೊಳಗೆ ತುಂಬಿಕೊಳ್ಳುತ್ತದೆ. ಗುಂಡು ಹೊರಗೆ ಹೋದ ಮೇಲೆ ಆ ಗಾಳಿ ಬಾಯಿಯ ಕಡೆಗೆ ನುಗ್ಗಿ, ಕೊಳವೆಯಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಇಲ್ಲದಿದ್ದರೆ ತೋಪಿನ ಹಿಂಬಾಗಿಲು ತೆರೆದ ತಕ್ಷಣ ಹೊಗೆಯೆಲ್ಲ ಟರೆಟ್ ಒಳಗೆ, ಅಂದರೆ ತೋಪಿನ ಜೊತೆ ತಿರುಗುವ ಮೇಲಿನ ಗೋಪುರದೊಳಗೆ, ಕೂತವರ ಮುಖಕ್ಕೆ ಬರುತ್ತದೆ. ನಂತರ ಬಂದದ್ದು 105 ಮಿ.ಮೀ.ನ ಎಲ್7 ತೋಪು. ಅದಕ್ಕೂ ಉಬ್ಬು ಇದೆ. 20 ಪೌಂಡರ್ ಕೂರುತ್ತಿದ್ದ ಜಾಗದಲ್ಲೇ ಕೂರಲಿ ಅಂತ ಅದನ್ನು ರೂಪಿಸಿದ್ದರಿಂದ ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈ ಗೊಂದಲ ನಮ್ಮ ಟ್ಯಾಂಕುಗಳ ಬಗ್ಗೆ ಬರೆದವರನ್ನೂ ಬಿಟ್ಟಿಲ್ಲ. ಭಾರತದ ಸೆಂಚುರಿಯನ್ ಬಗ್ಗೆ ಓದಿದರೆ ಕೆಲವರು 20 ಪೌಂಡರ್ ಅಂತ ಬರೆದಿದ್ದಾರೆ, ಕೆಲವರು 105 ಅಂತ. ಮಾಡೆಲ್ ಮಾಡುವವನು ಇಲ್ಲಿ ಒಬ್ಬ ಲೇಖಕನ ಪಕ್ಷ ಹಿಡಿಯಬಾರದು. ತನ್ನ ಟ್ಯಾಂಕಿನ ಫೋಟೊ ಹಿಡಿದು ಬ್ಯಾರೆಲಿನ ದಪ್ಪ, ಉಬ್ಬಿನ ಆಕಾರ ನೋಡಬೇಕು. 1/35 ಅಳತೆಯಲ್ಲಿ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಭಾಗದಲ್ಲಿ, ಒಂದರ ಬಾಯಿ 2.4 ಮಿ.ಮೀ., ಇನ್ನೊಂದರದು 3 ಮಿ.ಮೀ. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆದರೆ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೇ ಕಾಣುತ್ತದೆ.

ಕಿಟ್ ಪೆಟ್ಟಿಗೆಯ ಮೇಲಿನ ಹೆಸರನ್ನೂ ಹಾಗೇ ಪರೀಕ್ಷಿಸಬೇಕು. ಪೆಟ್ಟಿಗೆ ಮೇಲೆ 'ಮಾರ್ಕ್ 3' ಅಂತ ಇದ್ದರೆ ಅದು ಆ ಕಂಪನಿ ಅಳೆದ ಒಂದು ಮಾರ್ಕ್ 3. ಜಪಾನಿನ ತಮಿಯಾ ಕಂಪನಿಯ ಹಳೆಯ ಸೆಂಚುರಿಯನ್ ಕಿಟ್ 1970ರ ದಶಕದ್ದು. 1/35 ಎಂಬ ಅಳತೆಯನ್ನು ಎಲ್ಲರ ಬಾಯಿಗೆ ತಂದದ್ದೂ ಅವರೇ. ಅದರ ಹಿಂದೆ ದೊಡ್ಡ ಲೆಕ್ಕ ಏನೂ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸಿದ ಮೇಲೆ ಅಳತೆ ಸುಮಾರು 1/35 ಬಂತು. ಅದೇ ಉಳಿದುಕೊಂಡಿತು. ಅದೇ ಕಂಪನಿ ಮುಂದೆ ಪೋರ್ಷೆ 911 ಕಾರಿನ ಮಾಡೆಲ್ ಮಾಡುವಾಗ ನಿಜವಾದ ಕಾರನ್ನೇ ಕೊಂಡು ಬಿಚ್ಚಿ ನೋಡಿತು. ಅಷ್ಟು ಶ್ರದ್ಧೆ ಇರುವವರ ಕಿಟ್ ಕೂಡ ನಿಮ್ಮ ಟ್ಯಾಂಕು, ನಿಮ್ಮ ದಿನದ್ದು ಆಗಿರುವುದಿಲ್ಲ.

ನಾನು ಆರಿಸಿಕೊಂಡ ದಿನ

ಅಂಕಲ್ ಮಾತು ಕೇಳಿದ ಮೇಲೆ ದಿನ ಗೊತ್ತು ಮಾಡಿಕೊಂಡೆ: 1971ರ ಡಿಸೆಂಬರ್ 16. ಜಾಗ ಪಾಕಿಸ್ತಾನದ ಪಂಜಾಬಿನ ಶಕರ್‌ಗಢ ವಲಯ, ಬಸಂತರ್ ನದಿಯ ಆಚೆ ದಡ. ಟ್ಯಾಂಕಿನ ಹೆಸರು ಫಾಮಗುಸ್ತಾ. ಸೈಪ್ರಸ್ ದ್ವೀಪದ ಒಂದು ಬಂದರಿನ ಹೆಸರು ಅದು. ಅದರಲ್ಲಿ ಇದ್ದದ್ದು 17 ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್. ವಯಸ್ಸು 21. ಸೇನೆಗೆ ಸೇರಿ ಆರು ತಿಂಗಳಾಗಿತ್ತು ಅಷ್ಟೇ.

ಆ ದಿನ ಏನಾಯಿತು ಅಂತ ತಿಳಿಯಲು ಮೊದಲು ಓದಬೇಕಾದದ್ದು ಅವರಿಗೆ ಮರಣೋತ್ತರ ಪರಮವೀರ ಚಕ್ರ ಕೊಟ್ಟಾಗ ಪ್ರಕಟವಾದ ಪ್ರಶಸ್ತಿ ಪತ್ರ. ಇಂಥ ಪತ್ರಗಳು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಒಂದು ಪುಟವೂ ಇಲ್ಲ. ಆದರೆ ಮಾಡೆಲ್ ಮಾಡುವವನ ಕಣ್ಣಿಂದ ಓದಿದರೆ ಅದರಲ್ಲಿ ಎಷ್ಟೊಂದು ಇದೆ! ಬಿ ಸ್ಕ್ವಾಡ್ರನ್‌ನ ಕಮಾಂಡರ್ ರೇಡಿಯೋದಲ್ಲಿ ಸಹಾಯ ಕೇಳಿದರು. ಸ್ಕ್ವಾಡ್ರನ್ ಅಂದರೆ ರೆಜಿಮೆಂಟಿನ ಒಂದು ಭಾಗ, ಟ್ರೂಪ್ ಅಂದರೆ ಅದರೊಳಗಿನ ಕೆಲವೇ ಟ್ಯಾಂಕುಗಳ ಗುಂಪು. ಖೇತರ್ಪಾಲ್ ಇದ್ದದ್ದು ಬೇರೆ ಸ್ಕ್ವಾಡ್ರನ್‌ನಲ್ಲಿ, ಎ ಸ್ಕ್ವಾಡ್ರನ್‌ನಲ್ಲಿ. ಕೇಳಿದ ತಕ್ಷಣ ತಾವಾಗಿಯೇ ತಮ್ಮ ಟ್ರೂಪ್ ಕರೆದುಕೊಂಡು ಹೊರಟರು. ಓದುಗರಿಗೆ ಇದು ಧೈರ್ಯದ ಕಥೆ. ನನಗೆ ಅದರ ಜೊತೆಗೆ ಇನ್ನೊಂದು ಸುಳಿವೂ ಸಿಕ್ಕಿತು: ಟರೆಟ್ ಮೇಲೆ ಬರೆಯಬೇಕಾದ ಸ್ಕ್ವಾಡ್ರನ್ ಗುರುತು ಬಿ ಅಲ್ಲ, ಎ. ಬ್ರಿಟಿಷ್ ಪದ್ಧತಿಯಲ್ಲಿ ಎ ಸ್ಕ್ವಾಡ್ರನ್‌ಗೆ ತ್ರಿಕೋನ, ಬಿಗೆ ಚೌಕ, ಸಿಗೆ ವೃತ್ತ. ಫೋಟೊದಲ್ಲಿ ಗುರುತು ಅರ್ಧ ಅಳಿಸಿದ್ದರೂ ಯಾವ ಆಕಾರ ಹುಡುಕಬೇಕು ಅಂತ ಈಗ ಗೊತ್ತು.

ಹಿಂದಿನ ರಾತ್ರಿ ಕಾಲಾಳುಪಡೆ ನದಿ ದಾಟಿ ದಡ ಹಿಡಿದಿತ್ತು. ಆಚೆ ಇದ್ದದ್ದು ಮೈನ್ ಹೂತ ಬಯಲು. ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ಪಡೆಯವರು, ಅದನ್ನು ತೆರವು ಮಾಡುವ ಕೆಲಸ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಟ್ಯಾಂಕುಗಳು ಕತ್ತಲಲ್ಲಿ ನುಗ್ಗಿದವು. ಇದರಿಂದಲೂ ಸುಳಿವು ಸಿಗುತ್ತದೆ. ರಾತ್ರಿ ನದಿ ಪಾತ್ರ ದಾಟಿ ಬಂದ ಟ್ಯಾಂಕಿನ ಕೆಳಭಾಗದಲ್ಲಿ ಹಸಿ ಮಣ್ಣು, ಮೇಲ್ಭಾಗದಲ್ಲಿ ಅದಕ್ಕೂ ಹಿಂದಿನ ದಿನಗಳ ಒಣ ಧೂಳು. ಬೆಳಗ್ಗೆ ಎಂಟು ಗಂಟೆಗೆ ಹೊಗೆಪರದೆಯ ಮರೆಯಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಪ್ರತಿದಾಳಿ ಶುರುವಾಯಿತು. ಮುಂದೆ ನಡೆದ ಕಾಳಗದಲ್ಲಿ ಫಾಮಗುಸ್ತಾಗೆ ಗುಂಡು ತಾಗಿ ಬೆಂಕಿ ಹತ್ತಿತು. ಟ್ಯಾಂಕ್ ಬಿಟ್ಟು ಬಾ ಅಂತ ಆದೇಶ ಬಂದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಡುವುದಿಲ್ಲ ಅಂದರು ಖೇತರ್ಪಾಲ್. ಆಮೇಲೆ ಇನ್ನೊಂದು ಗುಂಡು ತಾಗಿತು.

ಅಂದರೆ ಡಿಸೆಂಬರ್ 16ರ ಬೆಳಗಿನ ಆ ಕೆಲವೇ ಗಂಟೆಗಳಲ್ಲಿ ಈ ಟ್ಯಾಂಕಿಗೆ ಎರಡು ರೂಪ. ಯಾವುದನ್ನು ಮಾಡುತ್ತೀರಿ ಅಂತ ಕೆಲಸ ಶುರು ಮಾಡುವ ಮೊದಲೇ ನಿರ್ಧರಿಸಬೇಕು.

ಫೋಟೊ ಓದುವುದು

ಎಲ್ಲ ಆಧಾರಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅದೇ ಟ್ಯಾಂಕಿನ, ಅದೇ ದಿನದ ಫೋಟೊಗೆ. ಅದು ಸಿಗುವುದು ಅಪರೂಪ. ಸಿಗದಿದ್ದರೆ ಅದೇ ರೆಜಿಮೆಂಟು, ಅದೇ ತಿಂಗಳು. ಅದೂ ಇಲ್ಲದಿದ್ದರೆ ಅದೇ ಸೇನೆ, ಅದೇ ವರ್ಷ. ಪುಸ್ತಕದ ಮಾತು, ಮ್ಯೂಸಿಯಂ ಟ್ಯಾಂಕು, ನೆನಪು ಎಲ್ಲ ಆಮೇಲೆ. ಬೇರೆಯವರು ಮಾಡಿದ ಮಾಡೆಲು ಎಷ್ಟೇ ಸುಂದರವಾಗಿದ್ದರೂ ಆಧಾರ ಅಲ್ಲವೇ ಅಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡಿ, ಹತ್ತು ಜನ ಮಾಡಿದ ಮೇಲೆ ಅದೇ ಸತ್ಯ ಅನ್ನಿಸಿಬಿಡುತ್ತದೆ.

ಫೋಟೊದ ಕೆಳಗೆ ಬರೆದ ಅಡಿಬರಹವನ್ನು ನಂಬಬೇಡಿ, ಫೋಟೊವನ್ನೇ ಕೇಳಿ. 1965ರ ಫೋಟೊವನ್ನು 1971ರದ್ದು ಅಂತ ಹಾಕುವುದು ತುಂಬಾ ಸಾಮಾನ್ಯ. ಪತ್ತೆ ಹಚ್ಚುವುದು ಹೇಗೆ? ಜನರ ಬಟ್ಟೆ ನೋಡಿ. 1965ರ ಅಸಲ್ ಉತ್ತರ್ ಕಾಳಗ ನಡೆದದ್ದು ಸೆಪ್ಟೆಂಬರ್‌ನಲ್ಲಿ. ಆಗ ಪಂಜಾಬಿನಲ್ಲಿ ಬಿಸಿಲು, ಸೈನಿಕರು ತೋಳು ಮಡಚಿದ ಶರ್ಟಿನಲ್ಲಿ ಇರುತ್ತಾರೆ. ಡಿಸೆಂಬರ್‌ನಲ್ಲಿ ಸ್ವೆಟರ್ ಬೇಕೇ ಬೇಕು. ಹೊಲ ನೋಡಿ. ಸೆಪ್ಟೆಂಬರ್‌ನಲ್ಲಿ ಕಬ್ಬು ಆಳುದ್ದ ನಿಂತಿರುತ್ತದೆ. ಡಿಸೆಂಬರ್‌ನಲ್ಲಿ ಗೋಧಿ ಆಗತಾನೇ ಮೊಳೆತಿರುತ್ತದೆ. ಹಳೆಯ ದಿನಪತ್ರಿಕೆಗಳ ಸಂಪುಟ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಚ್ಚಿನ ಚುಕ್ಕೆಗಳಲ್ಲಿ ಸಣ್ಣ ವಿವರ ಕಾಣುವುದಿಲ್ಲ, ನಿಜ. ಆದರೆ ಡಿಸೆಂಬರ್ 20ರ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಡಿಸೆಂಬರ್ 20ರ ನಂತರ ತೆಗೆದಿರಲು ಸಾಧ್ಯವಿಲ್ಲ, ಅಲ್ವಾ? ಅಷ್ಟು ಗಟ್ಟಿ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ಮೋಸ, ಎಡಬಲ ಅದಲುಬದಲಾದ ಚಿತ್ರ. ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದರೆ ಹಾಗಾಗುತ್ತದೆ. ಅಕ್ಷರ ಕಾಣಿಸಿದರೆ ತಕ್ಷಣ ಗೊತ್ತಾಗುತ್ತದೆ. ಅಕ್ಷರ ಇಲ್ಲದಿದ್ದರೆ ಟ್ಯಾಂಕಿನ ಒಳಗಿನ ಜಾಗ ನೆನಪಿಟ್ಟುಕೊಳ್ಳಿ. ಸೆಂಚುರಿಯನ್‌ನಲ್ಲಿ ಡ್ರೈವರ್ ಕೂರುವುದು ಮುಂದೆ ಬಲಗಡೆ. ಟರೆಟ್‌ನಲ್ಲಿ ಕಮಾಂಡರ್ ಮತ್ತು ಗನ್ನರ್ ಬಲಗಡೆ, ಗುಂಡು ತುಂಬುವ ಲೋಡರ್ ಎಡಗಡೆ. ಡ್ರೈವರ್ ತಲೆ ಎಡಗಡೆ ಇಣುಕುತ್ತಿದ್ದರೆ ಚಿತ್ರ ತಿರುಗಿದೆ. ಅದನ್ನು ನೋಡಿ ಪೆಟ್ಟಿಗೆ, ಹಗ್ಗ ಜೋಡಿಸಿದರೆ ಎಲ್ಲವೂ ತಪ್ಪು ಪಕ್ಕಕ್ಕೆ ಬರುತ್ತವೆ.

ಸೆಂಚುರಿಯನ್‌ನ ಪಕ್ಕದಲ್ಲಿ ಉದ್ದಕ್ಕೂ ತಗಡಿನ ಪರದೆ ಇರುತ್ತದೆ. ಅದರ ಹಿಂದೆ ಆರು ಚಕ್ರ, ಎರಡೆರಡರಂತೆ ಮೂರು ಜೋಡಿ. ಮರ, ಕಲ್ಲು ತಗುಲಿ ಈ ಪರದೆಗಳು ಬಾಗುತ್ತವೆ, ಕಳಚಿ ಬೀಳುತ್ತವೆ. ಕೆಲವೊಮ್ಮೆ ತಾವೇ ಬಿಚ್ಚಿ ಹಾಕುತ್ತಾರೆ. ಪರದೆ ಇದೆಯಾ, ಎಷ್ಟು ತುಂಡು ಇದೆ, ಯಾವುದು ಬಾಗಿದೆ: ಇದು ಬೆರಳಚ್ಚು ಇದ್ದ ಹಾಗೆ. ಎರಡು ಫೋಟೊದಲ್ಲಿ ಇರುವುದು ಒಂದೇ ಟ್ಯಾಂಕಾ ಅಂತ ಹೇಳಲು ನಂಬರ್ ಕಾಣದಿದ್ದರೂ ಬಾಗಿದ ತಗಡು ಸಾಕು.

ಅಳತೆಯನ್ನೂ ಫೋಟೊದಿಂದಲೇ ತೆಗೆಯಬಹುದು. ಇದು ನನಗೆ ತುಂಬಾ ಖುಷಿ ಕೊಡುವ ಕೆಲಸ. ಪೆಟ್ರೋಲ್, ನೀರು ಒಯ್ಯುವ ಇಪ್ಪತ್ತು ಲೀಟರಿನ ಡಬ್ಬ, ಅಂದರೆ ಜೆರ್ರಿ ಕ್ಯಾನ್, ಎಲ್ಲ ಸೇನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ: ಎತ್ತರ 470 ಮಿ.ಮೀ., ಅಗಲ 345, ದಪ್ಪ 165. ಟ್ಯಾಂಕಿನ ಪಕ್ಕದಲ್ಲಿ ಒಂದು ಕ್ಯಾನ್ ನೇತಾಡುತ್ತಿದ್ದರೆ ನಿಮ್ಮ ಕೈಗೆ ಅಳತೆಪಟ್ಟಿ ಸಿಕ್ಕಿದ ಹಾಗೆ. ಕಂಪ್ಯೂಟರ್ ಪರದೆ ಮೇಲೆ ಕ್ಯಾನ್ 24 ಮಿ.ಮೀ. ಎತ್ತರ ಕಾಣುತ್ತಿದೆ, ಪಕ್ಕದ ಪೆಟ್ಟಿಗೆ 60 ಮಿ.ಮೀ. ಉದ್ದ ಕಾಣುತ್ತಿದೆ ಅಂದುಕೊಳ್ಳಿ. ಪೆಟ್ಟಿಗೆ ಕ್ಯಾನಿನ ಎರಡೂವರೆ ಪಟ್ಟು. ಅಂದರೆ ನಿಜವಾದ ಉದ್ದ 1,175 ಮಿ.ಮೀ. ಅದನ್ನು 35ರಿಂದ ಭಾಗಿಸಿದರೆ ಮಾಡೆಲ್‌ನಲ್ಲಿ 33.6 ಮಿ.ಮೀ. ಒಂದೇ ಎಚ್ಚರ: ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಇರಬೇಕು, ಚಿತ್ರ ಪಕ್ಕದಿಂದ ನೇರವಾಗಿ ತೆಗೆದದ್ದಾಗಿರಬೇಕು. ಕೋನದಲ್ಲಿ ತೆಗೆದ ಚಿತ್ರದಲ್ಲಿ ಹತ್ತಿರದ್ದು ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ. ಕ್ಯಾನ್ ಇಲ್ಲದಿದ್ದರೆ ಟ್ಯಾಂಕಿನ ಅಗಲವನ್ನೇ ಹಿಡಿಯಿರಿ. ಸೆಂಚುರಿಯನ್ 3.39 ಮೀಟರ್ ಅಗಲ. ಮಾಡೆಲ್‌ನಲ್ಲಿ ಅದು ಸುಮಾರು 97 ಮಿ.ಮೀ. ಬರಬೇಕು. ಮಾಡೆಲ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪಿದ ಹಾಗೆ. ಎಲ್ಲಿ ಹಟ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ಈ ಲೆಕ್ಕ ಹೇಳುತ್ತದೆ.

ನಿಂತಿರುವ ಟ್ಯಾಂಕುಗಳು

ಮುಟ್ಟಿ ನೋಡಬಹುದಾದ ಟ್ಯಾಂಕ್ ಒಂದು ಹತ್ತಿರದಲ್ಲಿದ್ದರೆ ಅದಕ್ಕಿಂತ ಭಾಗ್ಯ ಇಲ್ಲ. ಬೆಂಗಳೂರಿನಿಂದ ಹೋಗಲು ಎಲ್ಲಕ್ಕಿಂತ ಒಳ್ಳೆಯ ಜಾಗ ಮಹಾರಾಷ್ಟ್ರದ ಅಹಮದ್‌ನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಊರಿನ ಹೆಸರು ಈಗ ಅಹಿಲ್ಯಾನಗರ. ಆರ್ಮರ್ಡ್ ಕೋರ್ ಸೆಂಟರ್ ಅಂಡ್ ಸ್ಕೂಲ್ 1994ರಲ್ಲಿ ಶುರು ಮಾಡಿದ್ದು. ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್ ಆ ಊರಿನ ಮೇಲೆಯೇ ಹೋಗುತ್ತದೆ. ಫಾಮಗುಸ್ತಾವನ್ನೂ ಉಳಿಸಿಟ್ಟಿರುವುದು ಅಹಮದ್‌ನಗರದಲ್ಲೇ, ಆರ್ಮರ್ಡ್ ಕೋರ್ ಸೆಂಟರ್‌ನಲ್ಲಿ. ಇಲ್ಲೇ ಹತ್ತಿರ ಅಂದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಟಿ-55 ನಿಂತಿದೆ.

ಆದರೆ ನಿಂತಿರುವ ಟ್ಯಾಂಕು ಇವತ್ತಿನ ಟ್ಯಾಂಕು, ಕಾಳಗದ ದಿನದ್ದಲ್ಲ. ಫಾಮಗುಸ್ತಾ ಆ ದಿನ ಸುಟ್ಟಿತ್ತು. ಸ್ವಲ್ಪ ಕಾಲ ಪಾಕಿಸ್ತಾನದ ಕೈಯಲ್ಲಿತ್ತು. ಆಮೇಲೆ ವಾಪಸ್ ಬಂದು ರಿಪೇರಿ ಆಯಿತು. ಈಗ ಕಾಣುವ ಬಣ್ಣ, ಅಕ್ಷರ ಎಲ್ಲ ಆಮೇಲಿನದು. ಟಿ-55 ವಿಷಯದಲ್ಲಿ ಇನ್ನೂ ದೊಡ್ಡ ಬದಲಾವಣೆ. ಮೂಲದಲ್ಲಿ ಅದಕ್ಕಿದ್ದದ್ದು ಸೋವಿಯತ್ ದೇಶದ 100 ಮಿ.ಮೀ. ತೋಪು. ನಮ್ಮ ಸೇನೆ ಆಮೇಲೆ ಬಹಳಷ್ಟು ಟಿ-55ಗಳಿಗೆ 105 ಮಿ.ಮೀ. ತೋಪು ಹಾಕಿಸಿತು. ನೋಡಿದ ತಕ್ಷಣ ಗುರುತಿಸಬಹುದು: ಹೊಗೆ ಎಳೆಯುವ ಉಬ್ಬು ಬ್ಯಾರೆಲಿನ ತುದಿಯಲ್ಲೇ ಇದ್ದರೆ 100, ತುದಿಯಿಂದ ಹಿಂದೆ, ನಡುಭಾಗದ ಕಡೆ ಇದ್ದರೆ 105. ಯಾವ ಊರಿನಲ್ಲಿ ಟಿ-55 ಕಂಡರೂ ಮೊದಲು ಅಲ್ಲಿ ನೋಡಿ. 105 ಇರುವ ಟ್ಯಾಂಕನ್ನು ನೋಡಿಕೊಂಡು 1971ರ ಮಾಡೆಲ್ ಮಾಡಿದರೆ ತೋಪೇ ತಪ್ಪಾಗುತ್ತದೆ.

ಪಾಕಿಸ್ತಾನದಿಂದ ವಶಪಡಿಸಿಕೊಂಡ ಟ್ಯಾಂಕು ಅಂದರೆ ನಮ್ಮಲ್ಲಿ ಎಲ್ಲವೂ ಅಮೆರಿಕದ ಪ್ಯಾಟನ್ನೇ. ನಿಜವಾಗಿ 1971ರಲ್ಲಿ ರಾಜಸ್ಥಾನದ ಲೊಂಗೆವಾಲಾದಲ್ಲಿ ಬಂದದ್ದು ಚೀನಾದ ಟೈಪ್ 59. ಪ್ಯಾಟನ್‌ನಲ್ಲೂ ಎಂ47 ಬೇರೆ, ಎಂ48 ಬೇರೆ. ಎದುರು ನಿಂತು ನೋಡಿ: ಮುಂಭಾಗದಲ್ಲಿ ಒಂದು ಮೆಷಿನ್‌ಗನ್‌ಗೆ ಗೋಲಾಕಾರದ ಜಾಗ ಇದ್ದರೆ ಎಂ47, ಒಳಗೆ ಐದು ಜನ. ಅದು ಇಲ್ಲದೆ, ದೋಣಿಯ ಮೂತಿಯ ಹಾಗೆ ದುಂಡಗಿದ್ದರೆ ಎಂ48, ನಾಲ್ಕು ಜನ.

ಹಾಗಾದರೆ ನಿಂತಿರುವ ಟ್ಯಾಂಕಿನಿಂದ ಏನು ಕಲಿಯಬಹುದು? ಬದಲಾಗದ್ದನ್ನು. ಎರಕ ಹೊಯ್ದ ಉಕ್ಕಿನ ಮೈ ಎಷ್ಟು ಒರಟು, ಬೆಸುಗೆಯ ಸಾಲು ಎಷ್ಟು ದಪ್ಪ, ಮುಚ್ಚಳದ ಕೀಲು ಎಲ್ಲಿದೆ, ತಗಡು ಎಷ್ಟು ತೆಳು. ನಾನು ಎಲ್ಲೇ ಹೋದರೂ ಜೇಬಿನಲ್ಲಿ ಅಳತೆಪಟ್ಟಿ ಇರುತ್ತದೆ. ಫೋಟೊ ತೆಗೆಯುವಾಗ ಚಿತ್ರದೊಳಗೇ ಅದನ್ನು ಹಿಡಿಯುತ್ತೇನೆ. ದಂಡು ಪ್ರದೇಶದ ಗೇಟಿನೊಳಗೆ ಟ್ಯಾಂಕ್ ಕಂಡಿತು ಅಂತ ಮೊಬೈಲ್ ತೆಗೆಯಬೇಡಿ. ಅನುಮತಿ ಕೇಳಿ, ಕೊಟ್ಟರೆ ಮಾತ್ರ ತೆಗೆಯಿರಿ.

ಬಣ್ಣ, ಮಣ್ಣು, ಪೆಟ್ರೋಲ್

ಹಸಿರು ಎಂಥ ಹಸಿರು? ಇದಕ್ಕೆ ಕಪ್ಪುಬಿಳುಪು ಚಿತ್ರ ಉತ್ತರ ಕೊಡುವುದಿಲ್ಲ. ಬಣ್ಣದ ಚಿತ್ರವೂ ಪೂರ್ತಿ ಕೊಡುವುದಿಲ್ಲ. 1970ರ ದಶಕದ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ರಂಗು ಬೇಗ ಮಾಸುತ್ತದೆ, ಚಿತ್ರ ಕೆಂಪಗಾಗುತ್ತದೆ. ನಿಮ್ಮ ಮನೆಯ ಹಳೆಯ ಮದುವೆ ಆಲ್ಬಮ್ ತೆಗೆದು ನೋಡಿ, ಗೊತ್ತಾಗುತ್ತದೆ. ಅಂಥ ಚಿತ್ರದಲ್ಲಿ ಹಸಿರು ಟ್ಯಾಂಕ್ ಕಂದು ಕಾಣುತ್ತದೆ. ಅದೇ ಚಿತ್ರದಲ್ಲಿ ಗೊತ್ತಿರುವ ಬಣ್ಣದ ವಸ್ತು ಏನಾದರೂ ಇದೆಯಾ ಹುಡುಕಿ: ಬಿಳಿ ಬಟ್ಟೆ, ಎಲೆ, ಮನುಷ್ಯನ ಚರ್ಮ. ಬಿಳಿ ಎಷ್ಟು ಕೆಂಪಾಗಿದೆಯೋ ಹಸಿರಿನಿಂದಲೂ ಅಷ್ಟು ಕೆಂಪು ಕಳೆಯಬೇಕು.

ಇಲ್ಲಿ ನನಗೆ ನೆರವಾದದ್ದು ಅಂಕಲ್. ಅವರನ್ನು "ಬಣ್ಣ ಯಾವುದಿತ್ತು?" ಅಂತ ಕೇಳಿದರೆ "ಹಸಿರು" ಅನ್ನುತ್ತಿದ್ದರು, ಅಷ್ಟೇ. ಐವತ್ತು ವರ್ಷದ ಹಿಂದಿನ ಬಣ್ಣದ ಛಾಯೆ ಯಾರಿಗೂ ನೆನಪಿರುವುದಿಲ್ಲ. ಆದರೆ ಕೈ ಮಾಡಿದ ಕೆಲಸ ಕೈಗೆ ನೆನಪಿರುತ್ತದೆ. ಅದಕ್ಕೇ ಈಗ "ಪೆಟ್ರೋಲ್ ಹೇಗೆ ತುಂಬಿಸ್ತಿದ್ರಿ ಅಂಕಲ್?" ಅಂತ ಕೇಳುತ್ತೇನೆ. ಕೇಳಿದ್ದೇ ತಡ, ಎದ್ದು ನಿಂತು, ಕ್ಯಾನ್ ಎತ್ತುವ ಹಾಗೆ ಎರಡೂ ಕೈ ಎತ್ತಿ ತೋರಿಸಿದರು.

"ಮುಚ್ಚಳದ ಸುತ್ತ ಚೆಲ್ಲೇ ಚೆಲ್ಲುತ್ತೆ. ನೀನು ಕಪ್ಪಗೆ ಕಲೆ ಬಳಿದಿದ್ದೀಯ. ಅದು ಡೀಸೆಲ್ ಕಲೆ. ಪೆಟ್ರೋಲ್ ಹಾಗಲ್ಲ ಕಣಪ್ಪಾ, ಧೂಳು ತೊಳ್ಕೊಂಡು ಹೋಗಿ ಆರಿಬಿಡುತ್ತೆ. ಅಲ್ಲಿ ಬಣ್ಣ ಉಳಿದ ಜಾಗಕ್ಕಿಂತ ಶುಭ್ರ ಇರುತ್ತೆ."

ಎಷ್ಟೋ ಸೆಂಚುರಿಯನ್ ಮಾಡೆಲ್‌ಗಳ ಮೇಲೆ ನಾನು ಕಪ್ಪು ಜಿಡ್ಡಿನ ಕಲೆ ನೋಡಿದ್ದೇನೆ. ಎಂಜಿನ್ ಪೆಟ್ರೋಲಿನದು ಅಂತ ಓದಿದ್ದರೂ ನನಗೇ ಹೊಳೆದಿರಲಿಲ್ಲ. ಟಿ-55 ಡೀಸೆಲ್ ಗಾಡಿ, ಅದಕ್ಕೆ ಆ ಕಲೆ ಸರಿ. ಸೆಂಚುರಿಯನ್‌ನಲ್ಲಿ ಕಪ್ಪಾಗುವುದು, ತುಕ್ಕು ಹಿಡಿಯುವುದು ಹಿಂಭಾಗದ ಎರಡೂ ಪಕ್ಕ ಟ್ರ್ಯಾಕಿನ ಮೇಲಿರುವ ಸೈಲೆನ್ಸರುಗಳು. ಅಲ್ಲಿ ಬಿಸಿಗೆ ಬಣ್ಣ ನಿಲ್ಲುವುದೇ ಇಲ್ಲ.

ಹೀಗಾಗಿ ಹಳೆಯ ಸೈನಿಕರ ಹತ್ತಿರ ಮಾತಾಡುವಾಗ ಕೆಲಸದ ಬಗ್ಗೆ ಕೇಳಿ. ಹಾಸಿಗೆ ಎಲ್ಲಿ ಕಟ್ಟುತ್ತಿದ್ದರು, ಟಾರ್ಪಾಲ್ ಹೇಗೆ ಮಡಚುತ್ತಿದ್ದರು, ಚಹಾಕ್ಕೆ ನೀರು ಎಲ್ಲಿ ಕಾಯಿಸುತ್ತಿದ್ದರು. ಬ್ರಿಟಿಷರಂತೂ ಸೆಂಚುರಿಯನ್‌ನಿಂದ ಶುರು ಮಾಡಿ ತಮ್ಮ ಟ್ಯಾಂಕುಗಳ ಒಳಗೇ ನೀರು ಕಾಯಿಸುವ ಪಾತ್ರೆ ಇಟ್ಟರು. ಕಾಳಗದ ಬಗ್ಗೆ ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಒತ್ತಾಯ ಮಾಡಬೇಡಿ. ಅವರು ಹೇಳಿದ್ದನ್ನು ಅದೇ ದಿನ ತಾರೀಖು ಹಾಕಿ ಬರೆದಿಡಿ.

ಮಣ್ಣಿನ ತಪ್ಪನ್ನು ಸರಿ ಮಾಡುವುದು ಸುಲಭವಿತ್ತು. ಶಕರ್‌ಗಢದ ಕಡೆಯದು ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು. ಒಣಗಿದರೆ ತಿಳಿ ಬೂದು-ಕಂದು, ಒದ್ದೆಯಾದರೆ ಗಾಢ. ಕೆಂಪಿನ ಸುಳಿವೂ ಇಲ್ಲ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆದೆ. ಎಸ್‌.ಪಿ. ರೋಡಿನಿಂದ ತಂದ ದೀಪವಿರುವ ಭೂತಗನ್ನಡಿ ಹಿಡಿದು ಬ್ಯಾರೆಲ್ ಬದಲಾಯಿಸಿದೆ.

ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಎಡಪುಟದಲ್ಲಿ ಟ್ಯಾಂಕಿನ ಭಾಗ, ಬಲಪುಟದಲ್ಲಿ ಅದಕ್ಕೆ ಆಧಾರ. ಫೋಟೊ ನೋಡಿ ಮಾಡಿದ್ದಕ್ಕೆ ನೀಲಿ ಇಂಕು. ಅದೇ ರೆಜಿಮೆಂಟಿನ ಬೇರೆ ಟ್ಯಾಂಕ್ ನೋಡಿ ಊಹಿಸಿದ್ದಕ್ಕೆ ಹಸಿರು. ಬರೀ ನನ್ನ ಅಂದಾಜು ಆದರೆ ಪೆನ್ಸಿಲ್. ಪೆನ್ಸಿಲ್ ಇರುವ ಜಾಗದಲ್ಲಿ ಎದ್ದು ಕಾಣುವಂಥದ್ದು ಏನನ್ನೂ ಹಾಕುವುದಿಲ್ಲ. ಅಲ್ಲಿ ಟಾರ್ಪಾಲ್ ಮುಚ್ಚುತ್ತೇನೆ, ಅಥವಾ ಮಣ್ಣು ಸ್ವಲ್ಪ ಜಾಸ್ತಿ ಹಚ್ಚುತ್ತೇನೆ. ಹೊಸ ಫೋಟೊಗಳು ಹಳೆಯ ಮಾತನ್ನೇ ಮತ್ತೆ ಹೇಳಲು ಶುರು ಮಾಡಿದಾಗ ಹುಡುಕಾಟ ನಿಲ್ಲಿಸಿ ಬ್ಲೇಡ್ ಎತ್ತಿಕೊಂಡೆ.

ಹೋದ ಭಾನುವಾರ ಮತ್ತೆ ಅಂಕಲ್ ಮನೆಗೆ ತೆಗೆದುಕೊಂಡು ಹೋದೆ. ಕನ್ನಡಕ ಹಣೆಗೇರಿತು. ಬೆರಳ ತುದಿಯಿಂದ ಡ್ರೈವರ್ ಮುಚ್ಚಳ ಮುಟ್ಟಿದರು, ಬಲಗಡೆ. ಪೆಟ್ರೋಲ್ ಮುಚ್ಚಳದ ಸುತ್ತ ನೋಡಿದರು. ಟರೆಟ್ ಮೇಲಿನ ತ್ರಿಕೋನ ನೋಡಿದರು.

"ಹದಿನಾರನೇ ತಾರೀಖು" ಅಂದರು. "ಎಷ್ಟು ಗಂಟೆ?"

"ಬೆಳಗ್ಗೆ ಎಂಟು ಅಂಕಲ್. ಇನ್ನೂ ಒಂದು ಗುಂಡೂ ತಾಗಿಲ್ಲ."

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಟೀಪಾಯಿ ಮೇಲೆ ಇಟ್ಟರು. ಬ್ಯಾರೆಲ್ ಕಿಟಕಿ ಕಡೆ ತಿರುಗಿಸಿದರು.